ಅಳಿಲು ಸೇವೆಯ ಹೆಸರಿನಲ್ಲಿ ಆಟಿಕೆಯ ಊರು

ಸೇತುವೆಗೆಂದು ಮರಳ ಕಣ ಹೊತ್ತ ಅಳಿಲಿನ ಬೆನ್ನನ್ನು ರಾಮನು ನೇವರಿಸಿದನೆಂಬ ಕಥೆಯಿಂದ ಕನ್ನಡಕ್ಕೆ ‘ಅಳಿಲು ಸೇವೆ’ ಎಂಬ ನುಡಿಗಟ್ಟು ದಕ್ಕಿತು. ಅಲ್ಪವಾದರೂ ಪ್ರಾಮಾಣಿಕವಾದ ದುಡಿಮೆಗೆ ಆ ಹೆಸರು. ಈಗ ಅದು ತಿರುವುಮುರುವಾಗಿದೆ. ಮನುಷ್ಯನೇ ಅಳಿಲಿನ ಸೇವೆಗೆ ನಿಂತಿದ್ದಾನೆ. ಸೇವೆ ದೊಡ್ಡದಾಗಿಯೇ ಕಾಣುತ್ತದೆ. ಪ್ರಾಮಾಣಿಕತೆಯ ಪಾಲು ಮಾತ್ರ ಅಲ್ಪ.

ಯುರೋಪು, ಅಮೆರಿಕಗಳ ಹಿತ್ತಿಲುಗಳಿಂದ ಬಂದ ಹವ್ಯಾಸವಿದು. ಪ್ಲೈವುಡ್ಡಿನ ಗೇಣುದ್ದದ ಮನೆಗಳು, ಬಣ್ಣ ಬಳಿದ ಮಾಡು, ಪುಟ್ಟ ಅಂಗಡಿ, ಬಾವಿಕಟ್ಟೆ, ಕಲ್ಲುಬೆಂಚು, ದೀಪದ ಸರ. ಅಂಗಡಿಯ ಕಟ್ಟೆಯ ಮೇಲೆ ಶೇಂಗಾ, ಬಿಸ್ಕತ್ತಿನ ಚೂರು. ಅಳಿಲು ಬಂದು ಬಾಗಿಲಲ್ಲಿ ಕುಳಿತು ಮೆಲ್ಲುವಾಗ ಚಿತ್ರ ತೆಗೆಯುವುದು ಇದರ ಫಲಶ್ರುತಿ. ಮಲೆನಾಡಿನ ಹೋಂಸ್ಟೇಗಳ ಅಂಗಳಕ್ಕೂ, ಪೇಟೆಯಿಂದ ಬಂದು ಗುಡ್ಡದ ಬದಿಯಲ್ಲಿ ಮನೆ ಕಟ್ಟಿದವರ ಹಿತ್ತಿಲಿಗೂ ಈ ಊರು ಕಾಲಿಡತೊಡಗಿದೆ. ಕಟ್ಟುವವರ ಕೈಚಳಕವನ್ನಾಗಲಿ ಅಕ್ಕರೆಯನ್ನಾಗಲಿ ಅಲ್ಲಗಳೆಯಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರ ಊರು?

ಶೀತದೇಶದ ಪಾಠ

ಹಿಮ ಬಿದ್ದು ಆಹಾರ ಮುಚ್ಚಿಹೋಗುವ ನಾಡಿನಲ್ಲಿ ಹಿತ್ತಿಲಿನ ಹಿಡಿ ಕಾಳಿಗೆ ಒಂದು ಸಮರ್ಥನೆಯಾದರೂ ಉಂಟು. ಆ ದೇಶಗಳೇ ಈ ಔದಾರ್ಯಕ್ಕೆ ದಂಡ ತೆತ್ತಿವೆ. ಅಮೆರಿಕದ ಬೂದು ಅಳಿಲನ್ನು 1876ರಲ್ಲಿ ಇಂಗ್ಲೆಂಡಿನ ಚೆಶೈರ್ ಪ್ರಾಂತದ ಹೆನ್‌ಬರಿಯಲ್ಲಿ ಅಂದಕ್ಕಾಗಿ ಬಿಟ್ಟರು. ಅದು ತಾನು ಸಾಯದೆಯೇ ಹೊತ್ತು ತಿರುಗುವ ಅಳಿಲುಸಿಡುಬಿನ ವೈರಾಣು ಅಲ್ಲಿಯ ಮೂಲನಿವಾಸಿ ಕೆಂಪು ಅಳಿಲಿಗೆ ಮಾರಕ. ಎರಡೂ ಒಂದೇ ತಟ್ಟೆಗೆ ಬಾಯಿ ಹಾಕುವ ಜಾಗ ರೋಗಕ್ಕೆ ರಾಜಮಾರ್ಗ. ಆದ್ದರಿಂದಲೇ ರೋಗ ಕಂಡೊಡನೆ ತಟ್ಟೆಗಳನ್ನು ತೆಗೆದುಬಿಡಿ ಎಂದು ಅಲ್ಲಿಯ ಸಂರಕ್ಷಕರು ಊರೂರಿಗೆ ಹೇಳಬೇಕಾಗಿ ಬಂದಿದೆ.

ಇನ್ನೊಂದು ಪಾಠ ಸೂಕ್ಷ್ಮವಾದುದು. ಇಂಗ್ಲೆಂಡಿನ ಫಾರ್ಂಬಿ ಕರಾವಳಿ ಕಾಡಿನ ಕೆಂಪು ಅಳಿಲುಗಳ ದವಡೆಗಳು ಇತರೆಡೆಯ ಅಳಿಲುಗಳ ದವಡೆಗಳಿಗಿಂತ ಕಚ್ಚುವ ಸಾಮರ್ಥ್ಯದಲ್ಲಿ ಹಿಂದಿವೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ವರ್ಷಗಟ್ಟಲೆ ಉಣಿಸಿದ ಮೆತ್ತನೆಯ ಶೇಂಗಾ ಇದಕ್ಕೆ ಕಾರಣವಿರಬಹುದೆಂದು ಅದು ಸೂಚಿಸಿತು. ಅಳಿಲಿನ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಕಾಯಿ, ತೊಗಟೆಗಳನ್ನು ಕೊರೆದೇ ಅದು ಸವೆಯಬೇಕು. ಸುಲಿದ ಬೀಜವನ್ನು ಬಾಯಿಗಿಡುವ ದಯೆಗೆ ಈ ಲೆಕ್ಕ ಗೊತ್ತಿಲ್ಲ.

ಮಳೆನಾಡಿನಲ್ಲಿ ಶೇಂಗಾ

ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ. ಬಯಲಿನ ಕಟ್ಟೆಯ ಮೇಲಿಟ್ಟ ಶೇಂಗಾದ ಗತಿಯೇನು? ಬೀಜದ ತೇವ ಶೇ. 8ರ ಆಸುಪಾಸಿನಲ್ಲಿದ್ದರೆ ಮಾತ್ರ ಅದು ಕೆಡದೆ ಉಳಿದೀತು. ಅದನ್ನು ಮೀರಿ ತೇವ ಹೀರಿದ ಬೀಜದಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಹಬ್ಬಿ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಸತ್ತದ್ದು ಬೂಸಲು ಹಿಡಿದ ಶೇಂಗಾ ಹಿಂಡಿಯಿಂದ. ವಿಷದ ಶೋಧ ನಡೆದದ್ದೇ ಆ ದುರಂತದ ಬಳಿಕ. ಹಿತ್ತಿಲಿನ ಮೂಲೆಯಲ್ಲಿ ಸಾಯುವ ಅಳಿಲಿಗೆ ಅಂಥ ತನಿಖೆಯ ಭಾಗ್ಯವಿಲ್ಲ.

ಉಳಿದ ಕಾಳಿಗೆ ರಾತ್ರಿ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು. ಹಗಲಿನಲ್ಲಿ ಮಂಗಗಳ ಹಿಂಡು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯ ವೈರಾಣುವನ್ನು ಹೊತ್ತು ಬರುವುದು ಉಣುಗು. ಮಂಗಗಳು, ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳು ಆ ಉಣುಗಿಗೆ ರಕ್ತ ಒದಗಿಸುತ್ತವೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಆ ಕಾಯಿಲೆ ತಂದ ಸಾವುಗಳ ನೆನಪು ಇನ್ನೂ ಆರಿಲ್ಲ. ಅಳಿಲಿನ ಅಂಗಡಿಯಿಂದಲೇ ಕಾಯಿಲೆ ಬರುತ್ತದೆಂದು ಹೇಳುವುದು ಅತಿಯಾದೀತು. ಆದರೆ ಕಾಡಂಚಿನ ಅಂಗಳಕ್ಕೆ ದಿನವೂ ತಪ್ಪದೆ ಮಂಗಗಳನ್ನು ಕರೆಯುವ ಏರ್ಪಾಡು ವಿವೇಕವೆನಿಸುವುದೆ?

ಒಂದು ಕೈಯಲ್ಲಿ ಕಾಳು, ಇನ್ನೊಂದರಲ್ಲಿ ಬೋನು

ಈ ಹವ್ಯಾಸದ ಆತ್ಮವಂಚನೆ ಕಾಣಬೇಕಾದರೆ ಅಂಗಳದಿಂದ ತೋಟಕ್ಕೆ ಇಳಿಯಬೇಕು. ಅಡಿಕೆಯ ನಡುವಿನ ಕೋಕೋ ಗಿಡದಲ್ಲಿ ಕಾಯಿಯ ನಡುಭಾಗಕ್ಕೆ ತೂತು ಬಿದ್ದಿದ್ದರೆ ಅದು ಅಳಿಲಿನದು. ತೊಟ್ಟಿನ ಬಳಿ ಕೊರೆದಿದ್ದರೆ ಇಲಿಯದು. ಏಲಕ್ಕಿಗೂ ಅಳಿಲು ಬಾಯಿ ಹಾಕುತ್ತದೆ. ಬೆಳೆಗಾರನ ನಷ್ಟ ಸುಳ್ಳಲ್ಲ. ಅದಕ್ಕೆ ತೋಟದಲ್ಲಿ ಬೋನು. ಇಲಿಗೆಂದು ಕೋಕೋ ಕೊಂಬೆಯ ಮೇಲೆ ಬ್ರೊಮಾಡಿಯೋಲೋನ್ ಬೆರೆಸಿದ ಮೇಣದ ಬಿಲ್ಲೆ. ಆ ಬಿಲ್ಲೆಗೆ ಅಳಿಲು ಬಾಯಿ ಹಾಕದಂತೆ ತಡೆಯುವ ಗೋಡೆಯೇನೂ ಅಲ್ಲಿಲ್ಲ. ಅಂಗಳದಲ್ಲಿ ಉಣಿಸಿ ಸಂಖ್ಯೆ ಹೆಚ್ಚಿಸುವುದು, ಐವತ್ತು ಮಾರು ಆಚೆ ಅದೇ ಜೀವವನ್ನು ಕೊಲ್ಲುವುದು! ಸ್ವಂತಕ್ಕೆ ತೋಟವಿಲ್ಲದವನು ಉಣಿಸಿದರೆ ನಷ್ಟದ ಹೊರೆ ನೆರೆಯ ಸಣ್ಣ ಬೆಳೆಗಾರನಿಗೆ. ಕೋಕೋ ಕಾಯಿ ಬಣ್ಣ ತಿರುಗಿದೊಡನೆ ಕೊಯ್ದರೆ ಹಾನಿ ಬಹುಪಾಲು ತಗ್ಗುತ್ತದೆ. ಅಳಿಲಿನ ಮೇಲೆ ನಿಜವಾದ ಅಕ್ಕರೆ ಇದ್ದವರು ಕಟ್ಟುವ ಊರನ್ನು ಬಿಟ್ಟು ಈ ಕೊಯ್ಲಿನ ಶಿಸ್ತನ್ನು ಹರಡಲಿ.

ಊರಿಗೆ ಬಾರದ ಅಳಿಲು

ಈ ಪುಟ್ಟ ಅಂಗಡಿಗೆ ಬರುವ ಗಿರಾಕಿ ಯಾರು? ಮನುಷ್ಯನ ಮಗ್ಗುಲಲ್ಲಿ ಬದುಕಲು ಕಲಿತ, ಯಾರ ದಾನವೂ ಬೇಡದ ಪಟ್ಟೆಯಳಿಲು. ಕಷ್ಟದಲ್ಲಿರುವುದು ಕೆಂದಳಿಲು, ಅಂದರೆ ಮಲಬಾರಿನ ದೈತ್ಯ ಅಳಿಲು. ಅದು ನೆಲಕ್ಕಿಳಿಯುವುದೇ ಅಪರೂಪ. ಮರದಿಂದ ಮರಕ್ಕೆ ಸುಮಾರು 6 ಮೀಟರ್ ನೆಗೆಯಬಲ್ಲ ಅದಕ್ಕೂ ಅಗಲಗೊಂಡ ಹೆದ್ದಾರಿಯ ಬಯಲು ದಾಟಲಾಗದ ಕಡಲು. ನೆತ್ತಿಗಳು ಕೂಡಿಕೊಂಡ ಮರಗಳಲ್ಲಿ ಎಲೆ, ಕಡ್ಡಿಗಳ ಗೂಡುಗಳನ್ನು ಅಲ್ಲಲ್ಲಿ ಹೂಡಿ ಅದು ಸಂಸಾರ ಮಾಡುತ್ತದೆ. ನೆರೆಯ ಮಹಾರಾಷ್ಟ್ರ ಇದನ್ನು ರಾಜ್ಯಪ್ರಾಣಿಯೆಂದು ಮನ್ನಿಸಿ, 1985ರಲ್ಲಿ ಭೀಮಾಶಂಕರ ವನ್ಯಧಾಮವನ್ನು ಇದರ ರಕ್ಷಣೆಗೆಂದೇ ಘೋಷಿಸಿತು. ಇನ್ನು ಹಾರುವ ಅಳಿಲಿಗೆ ಬೇಕಾದದ್ದು ಮುದಿಮರದ ಪೊಟರೆ. ಒಣಗಿದ ಮರವನ್ನು ‘ಪ್ರಯೋಜನವಿಲ್ಲ’ವೆಂದು ಕಡಿದ ದಿನ ಅದರ ಮನೆ ಬೀಳುತ್ತದೆ.

ಕಾಫಿಯ ನೆರಳಿಗಿದ್ದ ಅತ್ತಿ, ಬಸರಿ, ಹಲಸು, ನೇರಳೆಗಳನ್ನು ಕಡಿದು ಸಿಲ್ವರ್ ಓಕ್ ನಿಲ್ಲಿಸಿದ್ದಾಗಿದೆ. ಬೋಳುಗುಡ್ಡಗಳಿಗೆ ಅಕೇಶಿಯಾ ಹೊದಿಸಿದ್ದಾಗಿದೆ. ‘ನೋಟ’ ಕಾಣಲೆಂದು ಅಂಗಳದಂಚಿನ ಮರಗಳ ಸಾಲನ್ನು ಉರುಳಿಸಿ, ಅದೇ ಜಾಗದಲ್ಲಿ ಪ್ಲೈವುಡ್ಡಿನ ಅಳಿಲೂರನ್ನು ಕಟ್ಟುವುದು ಪರಿಸರಪ್ರೇಮವಲ್ಲ. ಅದು ಒಕ್ಕಲೆಬ್ಬಿಸಿದವರಿಗೆ ಬಣ್ಣದ ಗೊಂಬೆಮನೆ ತೋರಿಸುವ ವಿನೋದ.

ಮಕ್ಕಳಿಗಾಗಿ ಎಂಬ ವಾದ

ಮಕ್ಕಳಲ್ಲಿ ಪ್ರಾಣಿಪ್ರೀತಿ ಮೂಡಲೆಂದು ಇದೆಲ್ಲ ಎಂಬ ಉತ್ತರ ಬರುತ್ತದೆ. ವಾದ ತೂಕವಿಲ್ಲದ್ದಲ್ಲ, ಕಂಡು ಒಲಿಯದ ಮಗು ಮುಂದೆ ಕಾಡಿಗಾಗಿ ನಿಲ್ಲಲಾರದು. ಆದರೆ ಕಲಿಸುತ್ತಿರುವುದೇನು? ಕಾಡುಜೀವಿ ಮನುಷ್ಯನ ಬಾಗಿಲಲ್ಲಿ ಬಿಸ್ಕತ್ತಿಗೆ ಕಾಯುವ ಗಿರಾಕಿ ಎಂದೆ? ಅದೇ ಮಗುವನ್ನು ಮನೆಯ ಹಿಂದಿನ ಹಲಸಿನ ಬುಡದಲ್ಲಿ ಕೂರಿಸಲಿ. ಯಾವ ಮರ ಯಾವ ಮಾಸದಲ್ಲಿ ಹಣ್ಣಾಯಿತು, ಮೊದಲು ಬಂದವರು ಯಾರು, ಬೀಜ ಎಲ್ಲಿ ಬಿತ್ತು ಎಂಬುದನ್ನು ಹಳೆಯ ನೋಟುಪುಸ್ತಕದಲ್ಲಿ ಬರೆಸಲಿ. ಎರಡು ವರ್ಷಗಳಲ್ಲಿ ಅದೊಂದು ಹಣ್ಣಿನ ಪಂಚಾಂಗವಾಗುತ್ತದೆ. ಅದಕ್ಕೆ ಬಣ್ಣ ಬೇಡ, ಬ್ಯಾಟರಿ ಬೇಡ, ಮಳೆಗೆ ಕೊಳೆಯುವ ಭಯವಿಲ್ಲ.

ನಿಜವಾದ ಅಳಿಲೂರು

ಅಳಿಲಿನ ಊರನ್ನು ಕಟ್ಟಲೇಬೇಕೆನ್ನುವವರಿಗೆ ಮಲೆನಾಡಿನ ಮಣ್ಣಿನಲ್ಲಿ ದಾರಿಯಿದೆ. ಬೇಲಿಯಂಚಿನಲ್ಲಿ ಅತ್ತಿ, ಬಸರಿ, ನೇರಳೆ, ಹೆಬ್ಬಲಸು, ಉಪ್ಪಾಗೆ, ಮುರುಗಲುಗಳನ್ನು ನೆಟ್ಟು, ಒಂದರ ಹಣ್ಣು ಮುಗಿಯುವಾಗ ಇನ್ನೊಂದು ಹಣ್ಣಾಗುವಂತೆ ಹೊಂದಿಸಬೇಕು. ತೋಟದಿಂದ ಸೊಪ್ಪಿನ ಬೆಟ್ಟಕ್ಕೆ, ಬೆಟ್ಟದಿಂದ ಕಾನಿಗೆ ನೆತ್ತಿಗಳ ಸರಪಳಿ ತುಂಡಾಗದಂತೆ ನೆರೆಹೊರೆಯವರು ಕೂಡಿ ನೋಡಿಕೊಳ್ಳಬೇಕು. ಅಪಾಯವಿಲ್ಲದ ಕಡೆ ಪೊಟರೆಯ ಮರವನ್ನು ಅದರ ಪಾಡಿಗೆ ಬಿಡಬೇಕು. ರಸ್ತೆ ಅಗಲಿಸುವ ಯೋಜನೆ ಬಂದಾಗ ಕೆಂದಳಿಲಿನ ದಾರಿಯ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಬೇಕು. ಬೇಸಗೆಯಲ್ಲಿ ದಿನವೂ ತೊಳೆದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟರೆ ಸಾಕು, ಕಾಳು ಬೇಡ.

ಬಸರಿಯ ಗೆಲ್ಲನ್ನು ಇಂದು ಊರಿದರೆ ಅದು ಊರಾಗಲು ವರ್ಷಗಳು ಬೇಕು. ಚಿತ್ರ ತೆಗೆಯಲು ಅಷ್ಟು ಕಾಲ ಕಾಯುವ ವ್ಯವಧಾನ ಎಲ್ಲರಿಗೂ ಇರದು. ಮರಳ ಕಣ ಹೊತ್ತ ಅಳಿಲೂ ಸೇತುವೆ ಮುಗಿಯುವುದನ್ನು ಲೆಕ್ಕ ಹಾಕಿ ಹೊರಟಿರಲಿಲ್ಲ. ಅಳಿಲಿಗೆ ಸಲ್ಲಿಸಬೇಕಾದ ಸೇವೆಯನ್ನು ಅಳಿಲಿನಿಂದಲೇ ಕಲಿಯಬೇಕಾಗಿದೆ.