ಆಂಟೆನಾ ನಾಲ್ಕಿದ್ದರೂ ಎಚ್ಚರವಿರಲು ಒಂದು ಸಾಕು

ವೈ-ಫೈ ರೂಟರ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಎಣಿಸಿ ತೋರಿಸುವುದು ಆಂಟೆನಾಗಳನ್ನು. ನಾಲ್ಕಿರುವುದಕ್ಕಿಂತ ಆರಿರುವುದು ಮೇಲು, ಬೆಲೆಯೂ ಮೇಲು. ಫೋನಿನಲ್ಲೂ ಆಂಟೆನಾಗಳು ಹಲವಿವೆ, ಒಳಗೆ ಅಡಗಿರುವುದರಿಂದ ಕಾಣುವುದಿಲ್ಲ. ರೂಟರಿಗೆ ಗೋಡೆಯ ಪ್ಲಗ್ಗಿನಿಂದ ಕರೆಂಟ್ ಬರುತ್ತದೆ, ಎಷ್ಟು ಕುಡಿದರೂ ಕೇಳುವವರಿಲ್ಲ. ಫೋನಿಗಿರುವುದು ಅಂಗೈಯಗಲದ ಬ್ಯಾಟರಿ. ಅಲ್ಲಿ ಎಷ್ಟು ಆಂಟೆನಾಗಳಿವೆ ಎನ್ನುವುದಕ್ಕಿಂತ, ಕೆಲಸವಿಲ್ಲದಾಗ ಎಷ್ಟು ಮಲಗುತ್ತವೆ ಎನ್ನುವುದೇ ಮುಖ್ಯ.

ಹಲವು ಆಂಟೆನಾಗಳ ಈ ತಂತ್ರಕ್ಕೆ ಮೈಮೋ ಎಂದು ಹೆಸರು. ಒಂದೇ ತರಂಗಾಂತರದಲ್ಲಿ, ಒಂದೇ ಹೊತ್ತಿಗೆ, ಒಂದೊಂದು ಆಂಟೆನಾದಿಂದ ಒಂದೊಂದು ಮಾಹಿತಿಧಾರೆ ಕಳಿಸುವ ಈ ವಿಚಾರಕ್ಕೆ ಅಮೆರಿಕದಲ್ಲಿ 1994ರಲ್ಲಿ ಪೇಟೆಂಟ್ ಪಡೆದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲಾತ್. ಪೌಲ್‌ರಾಜ್ ಅದಕ್ಕೂ ಮುನ್ನ ನಮ್ಮ ನೌಕಾಪಡೆಗೆ ಸೋನಾರ್ ಕಟ್ಟಿಕೊಟ್ಟವರು, ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟ್ ಸಂಶೋಧನೆಗೆಂದು ಶುರುವಾದ ರಕ್ಷಣಾ ಪ್ರಯೋಗಾಲಯದ ಮೊದಲ ನಿರ್ದೇಶಕರು. ಈಗಿನ ವೈ-ಫೈ, 4ಜಿ, 5ಜಿ ಮೂರರ ವೇಗಕ್ಕೂ ಮೈಮೋ ಬೇಕೇ ಬೇಕು.

ಆ ವೇಗಕ್ಕೆ ಬೆಲೆಯಿದೆ. ಆಂಟೆನಾ ಬರೀ ಲೋಹದ ತುಂಡು, ಅದು ಕರೆಂಟ್ ತಿನ್ನುವುದಿಲ್ಲ. ತಿನ್ನುವುದು ಅದರ ಬೆನ್ನಿಗಿರುವ ಸರಣಿ: ಕ್ಷೀಣ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್, ಅದನ್ನು ಕೆಳಗಿನ ಆವರ್ತನಕ್ಕಿಳಿಸುವ ಮಿಕ್ಸರ್, ಫಿಲ್ಟರ್, ಅಲೆಯನ್ನು ಅಂಕಿಗಳಾಗಿ ಕತ್ತರಿಸುವ ಪರಿವರ್ತಕ. ಆಂಟೆನಾಕ್ಕೊಂದರಂತೆ ಈ ಇಡೀ ಸರಣಿ ಬೇಕು. ಅದರಾಚೆಗೆ ಲೆಕ್ಕದ ಹೊರೆ. ಗಾಳಿಯಲ್ಲಿ ಕಲಸಿಹೋದ ಧಾರೆಗಳನ್ನು ಚಿಪ್ ಬಿಡಿಸಿ ಬೇರೆ ಮಾಡಬೇಕು. ಧಾರೆಯೊಂದರಲ್ಲಿ ಒಂದು ಕ್ಷಣಕ್ಕೆ 64 ಬಗೆಯ ಸಂಕೇತಗಳಲ್ಲಿ ಯಾವುದಾದರೂ ಬಂದಿರಬಹುದು ಎಂದಿಟ್ಟುಕೊಳ್ಳಿ. ಎರಡು ಧಾರೆಗಳಾದರೆ 4,096 ಸಾಧ್ಯತೆಗಳು. ನಾಲ್ಕಾದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು! ಒಂದನ್ನೂ ಬಿಡದೆ ಪರೀಕ್ಷಿಸುತ್ತಾ ಕೂತರೆ ಬ್ಯಾಟರಿ ಉಳಿಯುವ ಮಾತೇ ಇಲ್ಲ. ಅದಕ್ಕೇ ಚಿಪ್ ತಯಾರಕರು ಅಡ್ಡದಾರಿಯ ಗಣಿತ ಹಿಡಿಯುತ್ತಾರೆ. ಅಸಂಭವ ಎನಿಸಿದ ಗುಂಪುಗಳನ್ನು ಮೊದಲೇ ಕೈಬಿಟ್ಟು, ಉಳಿದ ಕೆಲವನ್ನಷ್ಟೇ ತೂಗಿ ನೋಡುತ್ತಾರೆ.

ಇಷ್ಟೆಲ್ಲ ಖರ್ಚು ವಿಡಿಯೋ ಇಳಿಸುವಾಗ ಆದರೆ ಬೇಸರವಿಲ್ಲ. ಕೆಲಸ ಬೇಗ ಮುಗಿಸಿ ಬೇಗ ಮಲಗುವುದು ಲಾಭವೇ. ನಾಲ್ಕು ಆಂಟೆನಾಗಳಲ್ಲಿ ಗಬಕ್ಕನೆ ಇಳಿಸಿಕೊಂಡು ರೇಡಿಯೋ ಮಲಗಿಸುವುದು, ಒಂದರಲ್ಲಿ ಬಹುಹೊತ್ತು ಎಳೆದಾಡುವುದಕ್ಕಿಂತ ಎಷ್ಟೋ ಸಲ ಅಗ್ಗ. ಸಮಸ್ಯೆ ಇರುವುದು ಕಾಯುವ ಹೊತ್ತಿನಲ್ಲಿ. ಫೋನಿನ ರೇಡಿಯೋ ಏನನ್ನೂ ಕಳಿಸದೆ, ಏನೂ ಬಾರದೆ, ‘ನನಗೇನಾದರೂ ಇದೆಯಾ’ ಎಂದು ಕಿವಿಗೊಟ್ಟು ಕೂತಿರುವ ಸಮಯವೇ ಬಹಳ. ಆಗಲೂ ಎಲ್ಲ ಸರಣಿಗಳನ್ನು ಉರಿಸುತ್ತಿರುವುದು ಶುದ್ಧ ದಂಡ.

ಹೊಲ ಕಾಯಲು ಅಟ್ಟಣೆ ಹತ್ತಿದವರಲ್ಲಿ ಒಬ್ಬ ಎಚ್ಚರವಿದ್ದು, ಹಂದಿ ನುಗ್ಗಿದಾಗ ಉಳಿದವರನ್ನು ಎಬ್ಬಿಸುವುದುಂಟಲ್ಲ, 2009ರ ವೈ-ಫೈ ಮಾನದಂಡ 802.11ಎನ್ ಇದಕ್ಕೆ ತಂದ ಏರ್ಪಾಡು ಅಂಥದ್ದೇ. ಫೋನು ಒಂದೇ ಸರಣಿಯನ್ನು ಎಚ್ಚರವಿಟ್ಟು, ಹಾಗಿರುವುದಾಗಿ ರೂಟರಿಗೆ ಮೊದಲೇ ತಿಳಿಸಿರುತ್ತದೆ. ದೊಡ್ಡ ಮಾಹಿತಿ ಬಂದಾಗ ರೂಟರ್ ಅದನ್ನು ನೇರ ಸುರಿಯುವುದಿಲ್ಲ. ‘ಕಳಿಸಲೇ?’ ಎಂಬ ಪುಟ್ಟ ಸಂದೇಶವನ್ನು ಒಂದೇ ಧಾರೆಯಲ್ಲಿ ಕಳಿಸುತ್ತದೆ. ಫೋನು ‘ಕಳಿಸು’ ಎಂದು ಉತ್ತರಿಸುತ್ತಲೇ ಉಳಿದ ಸರಣಿಗಳನ್ನು ಎಬ್ಬಿಸುತ್ತದೆ. ಉತ್ತರ ಮುಗಿದ ಮೇಲೆ 5 ಗಿಗಾಹರ್ಟ್ಸ್‌ನಲ್ಲಿ ಸಿಗುವ ಬಿಡುವು 16 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಎಲ್ಲವೂ ಸಿದ್ಧವಾಗಿರಬೇಕು. ಮಾಹಿತಿ ಬಂದಾಯಿತೆಂದರೆ ಮತ್ತೆ ಒಂದೇ ಕಿವಿ. ಇಷ್ಟೂ ತಾಪತ್ರಯ ಬೇಡವೆಂದರೆ, ‘ನನಗೆ ಯಾವಾಗಲೂ ಒಂದೇ ಧಾರೆ ಸಾಕು’ ಎಂದು ಫೋನು ಹೇಳಿಬಿಡುವ ಎರಡನೆಯ ವಿಧಾನವೂ ಇದೆ. ವೇಗ ಹೋಗುತ್ತದೆ, ಬ್ಯಾಟರಿ ಉಳಿಯುತ್ತದೆ.

ಹಾಗೆಂದು ಆಂಟೆನಾ ಆರಿಸಿದಷ್ಟೂ ಉಳಿತಾಯ ಎಂದುಕೊಳ್ಳುವಂತಿಲ್ಲ. ಹೆಚ್ಚಿನ ಆಂಟೆನಾಗಳು ಬರೀ ವೇಗಕ್ಕಲ್ಲ, ಸಿಗ್ನಲ್ ಕ್ಷೀಣವಿರುವ ಕಡೆ ಕೇಳಿಸಿಕೊಳ್ಳುವುದಕ್ಕೂ ಬೇಕು. ಎರಡು ಆಂಟೆನಾಗಳು ಹಿಡಿದದ್ದನ್ನು ಕೂಡಿಸಿದರೆ ಸಂಕೇತದ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮಲೆನಾಡಿನ ಗುಡ್ಡದ ಮರೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಬರುವ ಮನೆಯಲ್ಲಿ ಎರಡನೆಯದನ್ನು ಆರಿಸಿದರೆ ಮಾಹಿತಿ ತಪ್ಪುತಪ್ಪಾಗಿ ಬರುತ್ತದೆ, ಟವರ್ ಅದನ್ನೇ ಮತ್ತೆಮತ್ತೆ ಕಳಿಸುತ್ತದೆ, ಫೋನು ಇನ್ನಷ್ಟು ಹೊತ್ತು ಎದ್ದಿರುತ್ತದೆ. ಉಳಿಸಲು ಹೋಗಿ ಕಳೆದುಕೊಂಡ ಹಾಗೆ.

5ಜಿಯಲ್ಲಿ ಹಲವು ಸರಣಿಗಳನ್ನು ಎಚ್ಚರವಿಡುವ ಕಷ್ಟ ಹೆಚ್ಚು. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ 5ಜಿಯ ಮುಖ್ಯ ಆವರ್ತನ ಪಟ್ಟಿ 3.5 ಗಿಗಾಹರ್ಟ್ಸ್ ಆಸುಪಾಸಿನದು. ಅಲ್ಲಿ ಫೋನಿಗೆ ನಾಲ್ಕು ಸ್ವೀಕಾರ ಸರಣಿಗಳಿರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡದ ನಿಯಮ. ಹಳೆಯ 4ಜಿ ಜಾಲಕ್ಕೆ ಆತುಕೊಂಡ ಬಗೆಯ 5ಜಿಯಾದರೆ ಎರಡೂ ಸಂಪರ್ಕಗಳನ್ನು ಒಟ್ಟಿಗೆ ಹಿಡಿದಿರಬೇಕು. ಮಾನದಂಡ ರೂಪಿಸುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. 2020ರಲ್ಲಿ ಅಂತಿಮಗೊಂಡ ಆವೃತ್ತಿಯಲ್ಲಿ, ಕೆಲಸ ಕಡಿಮೆಯಿದ್ದಾಗ ಫೋನನ್ನು ಕಿರಿದಾದ ಪಟ್ಟಿಗೆ ಸರಿಸಿ, ಅಲ್ಲಿ ಇಂತಿಷ್ಟೇ ಧಾರೆಗಳೆಂದು ಮೊದಲೇ ತಿಳಿಸುವ ಅವಕಾಶವಿದೆ. ಹಾಗೆ ಖಚಿತವಾದರೆ ಫೋನು ಬಾಕಿ ಸರಣಿಗಳನ್ನು ನಿಶ್ಚಿಂತೆಯಿಂದ ಆರಿಸಬಹುದು. ‘ಧಾರೆ ಕಡಿಮೆ ಮಾಡು’ ಎಂದು ಫೋನೇ ಜಾಲವನ್ನು ಕೇಳಿಕೊಳ್ಳುವ ದಾರಿಯೂ ಇದೆ.

ಆದರೆ ಕೇಳಿದ್ದನ್ನು ಕೊಡುವುದು ಬಿಡುವುದು ಜಾಲದ ಮರ್ಜಿ. ನನಗೆ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ ಎನಿಸುತ್ತದೆ. ಬ್ಯಾಟರಿ ಗ್ರಾಹಕರದು, ಅದನ್ನು ಉಳಿಸುವ ಗುಂಡಿ ಕಂಪನಿಯ ಕೈಯಲ್ಲಿ. ನಾವು ಜಾಲಗಳನ್ನು ಹೋಲಿಸುವುದು ಸ್ಪೀಡ್ ಟೆಸ್ಟ್‌ನಿಂದ. ಅದು ಓಡುವ ಅಷ್ಟು ಹೊತ್ತೂ ಆಂಟೆನಾಗಳೆಲ್ಲ ಎದ್ದಿರುತ್ತವೆ, ಉಳಿದ ಹೊತ್ತಿನಲ್ಲಿ ಅವು ಮಲಗಿದವೋ ಇಲ್ಲವೋ ಅದು ಹೇಳುವುದಿಲ್ಲ.

ವೈ-ಫೈ 7ರಲ್ಲಿ ಹೊಸದೊಂದು ಜಾಣತನ ಬಂದಿದೆ. ಫೋನಿನ ಎರಡು ಸರಣಿಗಳು ಎರಡು ಬೇರೆ ಪಟ್ಟಿಗಳಲ್ಲಿ ಒಂದೊಂದಾಗಿ ಕೇಳುತ್ತಿರುತ್ತವೆ. ಯಾವ ಪಟ್ಟಿಯಲ್ಲಿ ರೂಟರ್ ಕರೆಯಿತೋ ಅಲ್ಲಿಗೆ ಎರಡೂ ಧಾವಿಸಿ, ಜೊತೆಯಾಗಿ ಮಾಹಿತಿ ಪಡೆಯುತ್ತವೆ. ಹೊಸ ಆಂಟೆನಾ ಸೇರಿಸಬೇಕಿಲ್ಲ, ಇದ್ದೆರಡನ್ನು ಜಾಗ ಬದಲಿಸಿದರಾಯಿತು. ಇದು ನಡೆಯಬೇಕಾದರೆ ಫೋನಿನ ಜೊತೆ ರೂಟರಿಗೂ ಈ ವಿದ್ಯೆ ಗೊತ್ತಿರಬೇಕು. ಮುಂದಿನ ಸಲ ಅಂಗಡಿಯವರು ಆಂಟೆನಾ ಎಣಿಸತೊಡಗಿದಾಗ ಕೇಳಿ ನೋಡಬಹುದಾದ ಪ್ರಶ್ನೆ ಇದು.