ಕಟ್ಟೆಯಿಲ್ಲದ ಮನೆಗೆ ಗ್ಯಾಸ್ ಬೇಡವೆ?

ಎನ್. ಬೇಗೂರು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯ. ಕಬಿನಿ ಹಿನ್ನೀರಿಗೂ ಕಾಡಿಗೂ ಅಂಟಿಕೊಂಡಿರುವ ಇಲ್ಲಿನ ಹಳ್ಳಿಗಳಲ್ಲಿ, ಬುಡಕಟ್ಟು ಜನರ ಹಾಡಿಗಳಲ್ಲಿ ಗ್ಯಾಸ್ ಬಂದಮೇಲೂ ಸೌದೆ ಒಲೆ ಆರಿಲ್ಲ. ಗ್ಯಾಸ್ ಜೋಡಣೆಗೆ ನಿಯಮಗಳಿವೆ. ಸಿಲಿಂಡರ್ ನೆಲದ ಮೇಲೆ ನೆಟ್ಟಗೆ ನಿಲ್ಲಬೇಕು, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಬೇಕು. ಐಎಸ್‌ಐ ಗುರುತಿನ ಪೈಪು ಒಂದೂವರೆ ಮೀಟರ್ ಮೀರಬಾರದು, ಗೋಡೆ ತೂರಿ ಹೋಗಬಾರದು, ಐದು ವರ್ಷಕ್ಕೊಮ್ಮೆ ಬದಲಾಗಬೇಕು. ಕೋಣೆಗೆ ಗಾಳಿ ಆಡಬೇಕು, ಹತ್ತಿರದಲ್ಲಿ ಬೇರೆ ಬೆಂಕಿ ಇರಕೂಡದು. ಇಷ್ಟೂ ಇಲ್ಲದ ಮನೆಗೆ ಸಂಪರ್ಕವನ್ನು ತಡೆಹಿಡಿಯಬೇಕೆ? ಎರಡೂ ಕಡೆಯ ಮಾತನ್ನು ಇಲ್ಲಿ ಇಡುತ್ತಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆಗಿದೆ, ಆದರೆ ಮೊದಲನೆಯದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಪರ: ತಡೆಹಿಡಿಯಲೇಬೇಕು

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲೇರಿ ಸೂರಿನ ಸಂದಿಯಲ್ಲಿ ಹೊರಟುಹೋಗುವುದಿಲ್ಲ. ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಕೋಣೆಯ ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಒಂದು ಕಿಡಿ ಸಾಕು. ಹಾಡಿಯ ಮನೆಯಲ್ಲಿ ಆ ಕಿಡಿ ಎಲ್ಲಿದೆ? ನೆಲದಲ್ಲೇ ಇದೆ. ಮೂರು ಕಲ್ಲಿನ ಒಲೆಯಲ್ಲಿ ರಾತ್ರಿಯೆಲ್ಲ ಕೆಂಡ ಉಳಿದಿರುತ್ತದೆ, ಚಳಿಗಾಲದಲ್ಲಿ ಅದರ ಸುತ್ತಲೇ ಮಕ್ಕಳು ಮಲಗುತ್ತಾರೆ. ಆ ಕೋಣೆಯ ಇನ್ನೊಂದು ಮೂಲೆಯಲ್ಲಿ 14.2 ಕಿಲೋ ಅನಿಲ ತುಂಬಿದ ಸಿಲಿಂಡರ್ ತಂದು ನಿಲ್ಲಿಸುವುದು ಉಪಕಾರವೆ?

ಮುದ್ದೆಗೆ ಹಿಟ್ಟು ತೊಳಸುವ ಹೊತ್ತನ್ನು ನೋಡಿ. ರಾಗಿ ಗಟ್ಟಿಯಾಗುತ್ತಾ ಬಂದಹಾಗೆ ಕೋಲಿಗೆ ಮೈಭಾರವನ್ನೆಲ್ಲ ಹಾಕಬೇಕು, ಪಾತ್ರೆ ಅಲುಗದಂತೆ ಅದುಮಿ ಹಿಡಿಯಬೇಕು. ಎತ್ತರದ ಕಟ್ಟೆಯ ಮೇಲೆ ಇದು ಕಷ್ಟ. ಹಾಗಾಗಿ ಗ್ಯಾಸ್ ಒಲೆಯನ್ನು ನೆಲಕ್ಕಿಳಿಸಿ, ಎದುರಿಗೆ ಕೂತು ತೊಳಸುತ್ತಾರೆ. ಪಕ್ಕದಲ್ಲಿ ಎರಡಡಿ ಎತ್ತರದ ಸಿಲಿಂಡರ್ ಒಲೆಗಿಂತ ಮೇಲೆ ನಿಂತಿರುತ್ತದೆ. ರೆಗ್ಯುಲೇಟರ್ ಬಳಿ ಸೋರಿದ ಅನಿಲ ನೇರವಾಗಿ ಉರಿಯುವ ಬೆಂಕಿಯ ಮೇಲೇ ಇಳಿಯುತ್ತದೆ. ನಿಯಮ ಯಾವುದನ್ನು ತಪ್ಪಿಸಲು ಹುಟ್ಟಿತೋ ಅದನ್ನೇ ನಾವು ಜೋಡಿಸಿಕೊಟ್ಟಂತಾಯಿತು.

ಅಮೆರಿಕದಲ್ಲಿ ಹಳೆಯ ಇಟ್ಟಿಗೆಯ ಬೆಂಕಿಗೂಡಿನೊಳಗೆ ಗ್ಯಾಸ್ ಒಲೆ ಕೂರಿಸುವಾಗ ಹೊಗೆಗೂಡನ್ನು ಪರೀಕ್ಷಿಸಿ, ಒಳಗೆ ಲೋಹದ ಕೊಳವೆ ಇಳಿಸಿ, ಅಲ್ಲಿನ ಗ್ಯಾಸ್ ಸುರಕ್ಷತೆಯ ಎನ್‌ಎಫ್‌ಪಿಎ 54 ಸಂಹಿತೆಯಂತೆ ಜೋಡಿಸುತ್ತಾರೆ. ಸೌದೆಗೆಂದು ಕಟ್ಟಿದ ಜಾಗ ಗ್ಯಾಸಿಗೆ ಹಾಗೇ ಒದಗುವುದಿಲ್ಲ ಎಂಬ ತಿಳಿವಳಿಕೆ ಅದು. ಅಲ್ಲಿನ ಜೀವಕ್ಕಿರುವ ಬೆಲೆ ಹಾಡಿಯ ಜೀವಕ್ಕೂ ಇದೆ. ಸೋರಿಕೆ ಕಂಡರೆ ಗ್ಯಾಸ್ ಸಹಾಯವಾಣಿ 1906ಕ್ಕೆ ಕರೆ ಮಾಡಿ ಎನ್ನುತ್ತಾರೆ. ಸಿಗ್ನಲ್ ಸಿಗದ ಹಾಡಿಯಿಂದ ಕರೆ ಮಾಡುವುದು ಹೇಗೆ? ತಾಲ್ಲೂಕು ಕೇಂದ್ರದಿಂದ ಹೊರಟ ಅಗ್ನಿಶಾಮಕ ವಾಹನ ಕಾಡುದಾರಿ ದಾಟಿ ಬರುವಷ್ಟರಲ್ಲಿ ಹುಲ್ಲಿನ ಸೂರು ಉಳಿದಿರುತ್ತದೆಯೆ? ನೆರವು ದೂರವಿದ್ದ ಕಡೆ ನಿಯಮ ಇನ್ನಷ್ಟು ಬಿಗಿಯಾಗಬೇಕು.

ವಿರೋಧ: ತಡೆಹಿಡಿಯಬಾರದು

ಗ್ಯಾಸ್ ಕೊಡದಿದ್ದರೆ ಆ ಮನೆ ಸುರಕ್ಷಿತವಾಗಿ ಉಳಿಯುತ್ತದೆ ಎಂಬುದು ಪರವಾದಿಗಳ ಮಾತಿನಲ್ಲಿ ಅಡಗಿರುವ ನಂಬಿಕೆ. ಅದನ್ನು ನಾನು ಒಪ್ಪಲಾರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆಯ ಮುಂದೆ ಕೂರುವವಳು ಹೆಣ್ಣು, ಅವಳ ಮಡಿಲಲ್ಲಿ ಮಗು. ಇನ್ನು ಸೌದೆ ತರಲು ಹೋಗಬೇಕಾದ್ದು ಕಾಡಿಗೆ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಇಲ್ಲಿನ ಸರಗೂರು ಸೀಮೆಯಲ್ಲಿ ಹುಲಿ ದಾಳಿಗೆ ರೈತರು ಬಲಿಯಾಗಿ, ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಪ್ರವಾಸಿಗರ ಜೀಪು ನಿಂತಿತು. ಸೌದೆ ಹೊರೆ ಹೊರುವುದು ನಿಲ್ಲಲಿಲ್ಲ.

ಕಾಡಂಚಿಗೆ ಗ್ಯಾಸ್ ಹೊಸದೂ ಅಲ್ಲ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಕಟ್ಟಿದ ‘ನಮ್ಮ ಸಂಘ’ ಬಂಡೀಪುರದ ಸುತ್ತಲ ಹಳ್ಳಿಗಳಿಗೆ, ಬಡವರಿಗೆ ಗ್ಯಾಸ್ ಸಂಪರ್ಕ ಕೊಡುವ ಸರ್ಕಾರದ ಉಜ್ವಲ ಯೋಜನೆ ಬರುವ ಎಷ್ಟೋ ವರ್ಷ ಮೊದಲೇ ಅದನ್ನು ತಲುಪಿಸಿತು. ಪಕ್ಕಾ ಮನೆ ಬರಲಿ ಎಂದು ಕಾಯುತ್ತ ಕೂತಿದ್ದರೆ ಇವತ್ತಿಗೂ ಕಾಯುತ್ತಿರಬೇಕಿತ್ತು.

ಪಕ್ಕಾ ಮನೆಯ ಮಾತು ಬಂದಾಗ ಹಾಡಿಯ ಸ್ಥಿತಿ ಗೊತ್ತಿರಬೇಕು. ಇಲ್ಲಿನ ಹಾಡಿಗಳ ಜೇನುಕುರುಬರು ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದು, ಇನ್ನೊಂದು ಕೊರಗರು. 2023ರ ನವೆಂಬರ್‌ನಲ್ಲಿ ಆರಂಭವಾದ ಕೇಂದ್ರದ ಪಿಎಂ ಜನ್‌ಮನ್ ಯೋಜನೆ ಇವರಿಗೆ ಮನೆ ಕೊಡುವ ಭರವಸೆ ಇತ್ತಿದೆ. ಆದರೆ ಕಾಡೊಳಗಿನ ಹಾಡಿಯಲ್ಲಿ ಗೋಡೆ ಏಳಬೇಕಾದರೆ ಮೊದಲು ನೆಲದ ಹಕ್ಕು ಇತ್ಯರ್ಥವಾಗಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕೂತವರಿಗೆ ‘ಕಟ್ಟೆ ಕಟ್ಟಿಕೊಂಡು ಬಾ, ಆಮೇಲೆ ಗ್ಯಾಸ್’ ಎಂದರೆ, ಹಕ್ಕುಪತ್ರ ಕೊಡದ ತಪ್ಪಿಗೆ ಹಕ್ಕುಪತ್ರ ಸಿಗದವಳಿಗೇ ದಂಡ ಹಾಕಿದಂತೆ.

ನಿಯಮದ ಉದ್ದೇಶವನ್ನು ಹಿಡಿದರೆ ದಾರಿ ಸಿಗುತ್ತದೆ. ಸಿಲಿಂಡರ್‌ಗಿಂತ ಒಲೆ ಮೇಲಿರಬೇಕು, ಅಷ್ಟೆ. ಗ್ರಾನೈಟ್ ಹಾಸಬೇಕೆಂದು ಯಾರೂ ಹೇಳಿಲ್ಲ. ಉಜ್ವಲದಲ್ಲಿ 5 ಕಿಲೋ ಸಿಲಿಂಡರ್ ಕೂಡ ಪಡೆಯಬಹುದು. ಅದು ಗಿಡ್ಡ. ಇಟ್ಟಿಗೆ ಪೇರಿಸಿ ಮೇಲೊಂದು ಚಪ್ಪಡಿ ಕಲ್ಲು ಕೂರಿಸಿದರೆ ಒಲೆ ಅದಕ್ಕಿಂತ ಮೇಲೆ ಬರುತ್ತದೆ. ಹಿಟ್ಟು ತೊಳಸುವವಳಿಗೂ ಆ ಎತ್ತರ ಒಗ್ಗುತ್ತದೆ, ಕಾಡುದಾರಿಯಲ್ಲಿ ಹೊರುವುದೂ ಹಗುರ. ಗಾಳಿಯ ವಿಷಯದಲ್ಲಂತೂ, ಬುಡದಲ್ಲಿ ಸಂದಿಯಿರುವ ಬಿದಿರು ತಡಿಕೆಯ ಗೋಡೆ, ಕಿಟಕಿ ಮುಚ್ಚಿದ ಸಿಮೆಂಟ್ ಕೋಣೆಗಿಂತ ವಾಸಿ. ಹುಲ್ಲಿನ ಸೂರಿನ ಭಯ ನಿಜ. ಆದರೆ ಆ ಸೂರಿನ ಕೆಳಗೆ ಸೌದೆಯ ಬೆಂಕಿ ತಲೆಮಾರುಗಳಿಂದ ಉರಿಯುತ್ತಲೇ ಇದೆ.

ಕೆಂಡದ ಪ್ರಶ್ನೆಗೆ ಮಾತ್ರ ಸಡಿಲಿಕೆ ಇಲ್ಲ. ಇಲ್ಲಿ ಪರವಾದಿಗಳು ಹೇಳಿದ್ದು ಪೂರ್ತಿ ಸರಿ. ಚಳಿ ಕಾಯಿಸುವ ಒಲೆ ಮನೆಯ ಹೊರಗಿನ ಚಪ್ಪರಕ್ಕೆ ಹೋಗಬೇಕು, ರಾತ್ರಿ ರೆಗ್ಯುಲೇಟರ್ ಬಂದ್ ಆಗಿರಬೇಕು. ಇದನ್ನು ಚೀಟಿ ಹಂಚಿ ಕಲಿಸಲಾಗದು. ಹಾಡಿಯ ಹೆಣ್ಣುಮಕ್ಕಳಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು, ಸೋಪಿನ ನೀರು ಹಚ್ಚಿ ಸೋರಿಕೆ ನೋಡುವುದನ್ನು, ಬಿರುಕು ಬಿಟ್ಟ ಪೈಪು ಗುರುತಿಸುವುದನ್ನು ಅವರ ಕೈಯಲ್ಲೇ ಬಿಡಬೇಕು, ಅದಕ್ಕೆ ಕೂಲಿಯನ್ನೂ ಕೊಡಬೇಕು.

2016ರಲ್ಲಿ ಉಜ್ವಲ ಶುರುವಾದಾಗ ಪ್ರತಿ ಸಂಪರ್ಕಕ್ಕೆ ಸರ್ಕಾರ ಕೊಟ್ಟದ್ದು 1,600 ರೂಪಾಯಿ. ಸಿಲಿಂಡರಿನ ಠೇವಣಿ 1,250, ರೆಗ್ಯುಲೇಟರ್‌ಗೆ 150, ಪೈಪಿಗೆ 100, ಪುಸ್ತಕಕ್ಕೆ 25, ಪರಿಶೀಲನೆ ಮತ್ತು ಜೋಡಣೆಗೆ 75. ಕಟ್ಟೆಗೆಂದು ಒಂದು ರೂಪಾಯಿಯೂ ಇರಲಿಲ್ಲ. ಕಟ್ಟೆ ಅಷ್ಟು ಮುಖ್ಯವಾದರೆ ಅದರ ಕಲ್ಲು, ಇಟ್ಟಿಗೆಯ ದುಡ್ಡನ್ನೂ ಸಂಪರ್ಕದ ಜೊತೆಗೇ ಕೊಡಿ. ಕೊಡದೆ ಕೇಳುವ ಹಕ್ಕು ಯಾರಿಗೂ ಇಲ್ಲ.