ಬೂದಿಯ ಲೆಕ್ಕವೂ ಖರೀದಿ ಕರಾರಿನಲ್ಲಿರಲಿ

ಕೃಷಿ ತ್ಯಾಜ್ಯದಿಂದ ಅನಿಲ ಉತ್ಪಾದಿಸುವ ಗ್ಯಾಸಿಫೈಯರ್ ಘಟಕಗಳ ಯೋಜನಾ ವರದಿಗಳಲ್ಲಿ ಇಂಧನದ ಬಗ್ಗೆ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ: ಟನ್ನಿನ ದರ, ತೇವಾಂಶ ಮತ್ತು ಉಷ್ಣಮೌಲ್ಯ. ಬೂದಿಗೆ ಹೆಚ್ಚೆಂದರೆ ಒಂದು ಶೇಕಡಾವಾರು ಲೆಕ್ಕ ದೊರೆಯುತ್ತದೆ. ಆದರೆ ಘಟಕದ ಲಾಭ ನಷ್ಟಗಳನ್ನು ಎಷ್ಟೋ ವೇಳೆ ನಿರ್ಧರಿಸುವುದು ಬೂದಿಯ ಪ್ರಮಾಣವಲ್ಲ, ಅದರ ಗುಣ.

ಭತ್ತದ ಹೊಟ್ಟಿನಲ್ಲಿ ಸುಮಾರು ಶೇ. 15ರಿಂದ 20ರಷ್ಟು ಬೂದಿಯಿದೆ. ಅದರ ಬಹುಪಾಲು ಸಿಲಿಕಾ. ಶುದ್ಧ ಸಿಲಿಕಾ ಕರಗಲು 1,700 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು. ಭತ್ತದ ಹುಲ್ಲಿನ ಸ್ವಭಾವ ಬೇರೆ. ಅದರ ಬೂದಿಯಲ್ಲಿ ಪೊಟ್ಯಾಸಿಯಂ ಅಧಿಕ. ಪೊಟ್ಯಾಸಿಯಂ ಮತ್ತು ಸಿಲಿಕಾ ಸೇರಿ ಉಂಟಾಗುವ ಸಿಲಿಕೇಟ್ 800 ಡಿಗ್ರಿಗಿಂತ ಕೆಳಗೇ ಕರಗಬಲ್ಲದು. ಬಿಸಿ ಮರಳನ್ನು ಗಾಳಿಯಿಂದ ತೇಲಿಸುವ ಗ್ಯಾಸಿಫೈಯರುಗಳು ನಡೆಯುವುದು 750ರಿಂದ 900 ಡಿಗ್ರಿಯಲ್ಲಿ. ಮರಳೂ ಸಿಲಿಕಾವೇ ಆದ್ದರಿಂದ ಅದರ ಕಣಗಳಿಗೆ ಅಂಟಿನ ಲೇಪ ಹತ್ತಿ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಗಾಳಿಯ ಹರಿವು ಅಸಮವಾಗಿ ಕೆಲವೆಡೆ ಶಾಖ ಮತ್ತಷ್ಟು ಏರುತ್ತದೆ. ಕೊನೆಗೆ ಇಡೀ ಮರಳಿನ ಹಾಸು ಗಟ್ಟಿಯಾಗಿ ಘಟಕ ನಿಲ್ಲುತ್ತದೆ.

ನಿಂತ ಘಟಕವನ್ನು ತಣಿಸಿ, ಗಡ್ಡೆಗಳನ್ನು ಒಡೆದು ತೆಗೆದು, ಹೊಸ ಮರಳು ತುಂಬಬೇಕು. ಆ ದಿನಗಳಲ್ಲಿಯೂ ಸಾಲದ ಬಡ್ಡಿ, ಕಾರ್ಮಿಕರ ವೇತನಗಳು ನಿಲ್ಲುವುದಿಲ್ಲ. ಪರ್ಯಾಯ ವಿದ್ಯುತ್ತಿಗೋ ಡೀಸೆಲ್‌ಗೋ ಪ್ರತ್ಯೇಕ ವೆಚ್ಚ. ಈ ಮೊತ್ತವನ್ನು 'ದುರಸ್ತಿ' ಎಂಬ ತಲೆಬರಹದಡಿ ತೋರಿಸುವುದರಿಂದ ಅಗ್ಗದ ಇಂಧನದ ನಿಜವಾದ ಬೆಲೆ ಮರೆಯಾಗುತ್ತದೆ. ಅದು ವಾಸ್ತವದಲ್ಲಿ ಇಂಧನ ವೆಚ್ಚವೇ. ಆದಾಯ ತೆರಿಗೆಯ ಗರಿಷ್ಠ ಸವಕಳಿ ದರವನ್ನು 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಮಿತಿಗೊಳಿಸಿದ ಮೇಲೆ, ಇಂತಹ ಹೂಡಿಕೆಗಳು ತೆರಿಗೆ ಉಳಿತಾಯವನ್ನಲ್ಲ, ಯಂತ್ರದ ನಿರಂತರ ದುಡಿಮೆಯನ್ನೇ ನಂಬಬೇಕಾಗಿದೆ.

ಪರಿಹಾರಗಳಿಲ್ಲದಿಲ್ಲ. ಆಸ್ಟ್ರಿಯಾದ ಗ್ಯೂಸಿಂಗ್ ಘಟಕ ಮರಳಿನ ಬದಲು ಆಲಿವಿನ್ ಖನಿಜವನ್ನು ಬಳಸಿತು. ಕೇಯೋಲಿನ್ ಜೇಡಿ ಬೆರೆಸಿದರೆ ಅದು ಪೊಟ್ಯಾಸಿಯಮನ್ನು ಹಿಡಿದಿಡುತ್ತದೆ. ಹೊಲದಲ್ಲಿ ಮಳೆಗೆ ತೊಳೆದ ಹುಲ್ಲಿನಿಂದ ಪೊಟ್ಯಾಸಿಯಂ ಮತ್ತು ಕ್ಲೋರಿನ್ ಬಹುಮಟ್ಟಿಗೆ ಹೊರಹೋಗುತ್ತವೆ. ಆದರೆ ಅದನ್ನು ಮತ್ತೆ ಒಣಗಿಸಬೇಕು. ಪ್ರತಿಯೊಂದಕ್ಕೂ ಖರ್ಚಿದೆ. ಆದರೂ ಇದು ಮುಂಗಡಪತ್ರದಲ್ಲಿ ತೋರಿಸಬಹುದಾದ ಖರ್ಚು. ಹಠಾತ್ ನಿಲುಗಡೆ ಹಾಗಲ್ಲ.

ಆದ್ದರಿಂದ ಖರೀದಿ ಕರಾರಿನಲ್ಲಿ ಬೂದಿಯ ಪ್ರಮಾಣದೊಡನೆ ಪೊಟ್ಯಾಸಿಯಂ, ಸಿಲಿಕಾ ಮತ್ತು ಕ್ಲೋರಿನ್‌ಗಳ ಮಿತಿಯನ್ನೂ ನಮೂದಿಸುವುದು ಲೇಸು. ಯಂತ್ರ ಪೂರೈಸುವವರ ಖಾತರಿ ಪತ್ರ 'ಎಲ್ಲ ಬಗೆಯ ಕೃಷಿ ತ್ಯಾಜ್ಯ' ಎನ್ನದೆ, ಇಂಧನಗಳನ್ನು ಹೆಸರಿಸಿ ಹೇಳಬೇಕು. ಪ್ರಯೋಗಾಲಯದ ಬೂದಿ ಕರಗುವ ಪರೀಕ್ಷೆಯೊಂದೇ ಸಾಲದು. ಮರಳಿನ ಹಾಸು ಅದು ಸೂಚಿಸುವುದಕ್ಕಿಂತ ಕಡಿಮೆ ಶಾಖದಲ್ಲಿಯೇ ಗಡ್ಡೆಕಟ್ಟುವುದುಂಟು. ರೈತರಿಂದ ಬಿಡಿಬಿಡಿಯಾಗಿ ಕೊಳ್ಳುವ ಸಣ್ಣ ಗಿರಣಿಗೆ ಪ್ರತಿ ಗಾಡಿಯ ಪರೀಕ್ಷೆ ಅಸಾಧ್ಯವೆಂಬುದು ನಿಜ. ಆದರೆ ಗಂಗಾವತಿ, ಸಿಂಧನೂರಿನಂತೆ ಗಿರಣಿಗಳು ಒತ್ತಾಗಿರುವ ಕಡೆ, ಹಂಗಾಮಿಗೊಮ್ಮೆ ಪ್ರದೇಶವಾರು ಮಾದರಿಗಳನ್ನು ಒಟ್ಟಾಗಿ ಪರೀಕ್ಷಿಸಿ ವೆಚ್ಚ ಹಂಚಿಕೊಳ್ಳಲು ಅಡ್ಡಿಯಿಲ್ಲ. ಅಂತಹ ವರದಿಯಿಲ್ಲದೆ ಸಾಲಕ್ಕೆ ಸಹಿ ಹಾಕುವುದು ಉದ್ಯಮಿಗೂ ಬ್ಯಾಂಕಿಗೂ ಕ್ಷೇಮಕರವಲ್ಲ.